ಮೂರನೇ ಅರಸ

ಕಿತೇರಿಯಾ ಬಾಯಿಯದು ಆಗ ಹೊಟ್ಟೆ ಇದ್ದ ಟಿವಿ.
ಅದರ ತಲೆಯ ಮೇಲೆ ಗೋದಲಿ ಕೂರುತ್ತಿತ್ತು,
ಭತ್ತದ ಹುಲ್ಲಿನ ಒಂದೆರಡು ಎಳೆ ಪರದೆಗೆ ಇಳಿಬಿದ್ದು
ಸದಾ ಥರ್ಡ್ ಸ್ಲಿಪ್‌ನವನ ಮುಖದ ಮೇಲೆ.
ಅರಸರು ಮೂವರಲ್ಲಿ ಒಬ್ಬ ಯಾವುದೋ ವರ್ಷ ಬಿದ್ದು ಒಡೆದ.
ಅವನ ಜಾಗಕ್ಕೆ ನಾನೇ ತಂದಿಟ್ಟೆ,
ಬಿಸ್ಕೀಟ್ ಪೊಟ್ಟಣದಲ್ಲಿ ಸಿಕ್ಕ ಪ್ಲಾಸ್ಟಿಕ್ ಬ್ಯಾಟ್ಸ್‌ಮನ್ನನ್ನು.
ಮುಂಗಾಲು ಚಾಚಿ, ಬ್ಯಾಟು ಪ್ಯಾಡಿಗೆ ಒತ್ತಿ
ಬಾಲಯೇಸುವಿನೆದುರು ಡಿಫೆನ್ಸ್ ಆಡುತ್ತಿದ್ದ.
'ಇರಲಿ ಬಿಡು' ಅಂದಳು ಬಾಯಿ, 'ಇವನೂ ದೂರದಿಂದ ಬಂದವನೇ.'

ಕ್ರಿಸ್‌ಮಸ್‌ನ ಮರುದಿನ ನಸುಕಿನ ಐದಕ್ಕೆ
ಕೋಡಿಬಾಗದಲ್ಲಿ ನಾಯಿಗಳೂ ಎದ್ದಿರುವುದಿಲ್ಲ.
ಕಾಳಿ ಸೇತುವೆಯ ದೀಪಗಳು ನೀರಿನಲ್ಲಿ ಉದ್ದಕ್ಕೆ ಮಲಗಿರುತ್ತವೆ.
ಅಪ್ಪ, ನಾನು, ಐಸ್ ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿದ ಇಬ್ಬರು
ಅವಳ ಜಗಲಿಯಲ್ಲಿ ಚಪ್ಪಲಿ ಬಿಟ್ಟು ಒಳಗೆ.
ನಮಗೆ ಸೂರ್ಯ ಮೊದಲು ಹುಟ್ಟುವುದು ಮೆಲ್ಬೋರ್ನಿನಲ್ಲಿ.
ಇಲ್ಲಿಯವ ಗುಡ್ಡಳ್ಳಿಯ ಗುಡ್ಡ ಹತ್ತಿ
ಬೆವರೊರೆಸಿಕೊಂಡು ಬರುವಷ್ಟರಲ್ಲಿ
ಅಲ್ಲಿ ಎರಡು ವಿಕೆಟ್ ಬಿದ್ದು ಊಟದ ಹೊತ್ತು.

ಅಪ್ಪ ಬೈತಖೋಲದಲ್ಲಿ ಮೀನಿನ ಹರಾಜು ಬರೆಯುವವ.
ಹಳೇ ಪುಸ್ತಕದ ಹಿಂಬದಿಯಲ್ಲಿ
ಬಾಲಿಗೊಂದು ಚುಕ್ಕೆ ಇಡುತ್ತಿದ್ದ.
ಈ ಕಡೆ ಬಂಗಡೆ ನಾಲ್ಕು ಬುಟ್ಟಿ, ಆ ಕಡೆ ಆರು ಚುಕ್ಕೆ, ಮೇಡನ್.
'ಬಿಡೋದು ಗೊತ್ತಿದ್ದವನೇ ಬ್ಯಾಟ್ಸ್‌ಮನ್ನು' ಅನ್ನುತ್ತಿದ್ದ,
ಆಫ್ ಸ್ಟಂಪಿನ ಹೊರಗೆ ಹೋದ ಪ್ರತಿ ಬಾಲಿಗೂ
ಬಲೆ ಹರಿಯದೆ ಮುಳ್ಳು ಬಿಡಿಸಿದವನ ಸಮಾಧಾನದಲ್ಲಿ.

ಬಾಯಿಗೆ ಮಾತ್ರ ಸಿಕ್ಸರೇ ಬೇಕು.
ನೇವ್ರಿಯ ತಾಟು ಮುಂದೆ ತಳ್ಳಿ, 'ಹೊಡೆಯೋದಿಲ್ವನಾ ಇವ?'
'ಇದು ಟೆಸ್ಟು ಬಾಯೀ, ಐದು ದಿವಸದ್ದು.'
'ಐದು ದಿವಸ ಹೀಗೇ ನಿಲ್ಲುವವನಿಗೆ ಮನೆ ಇಲ್ಲವೇನು?'
ನಾವು ನಗುತ್ತಿದ್ದೆವು.
ಯಾರಾದರೂ ತಪ್ಪಿ ಎತ್ತಿ ಹೊಡೆದು
ಬಾಲು ಜನರ ನಡುವೆ ಬಿದ್ದರೆ
ಅವಳು ಎದ್ದು, ಪರದೆಗೆ ಮೂಗು ತಾಗುವಷ್ಟು ಹತ್ತಿರ.
'ಸರಿ ಬಾಯೀ, ರಿಪ್ಲೇ ಕಾಣ್ತಿಲ್ಲ.'
ಎಷ್ಟೋ ಸಿಕ್ಸರುಗಳನ್ನು ನಾನು ನೋಡಿದ್ದು
ಅವಳ ನೈಟಿಯ ಬೆನ್ನಿನ ಹೂವುಗಳ ಮೇಲೆ.

ಊಟದ ವಿರಾಮಕ್ಕೆ ಚಾನೆಲ್ಲು ಅವಳ ಪಾಲು.
ರೋಮಿನ ಪೂಜೆ ಮತ್ತೊಮ್ಮೆ, ಮರಾಠಿ ಅತ್ತೆ, ಎಲ್ಲಿಯದೋ ಸರ್ಕಸ್ಸು,
ಹಿಮದಲ್ಲಿ ದಾರಿ ತಪ್ಪಿದ ನಾಯಿಯ ಇಂಗ್ಲಿಷ್ ಸಿನಿಮಾ.
ಯಾವುದರಲ್ಲೂ ಅವಳ ಕಣ್ಣು ಕಥೆಯ ಮೇಲಿಲ್ಲ,
ಹಿಂದೆ ನಿಂತವರ ಮೇಲೆ.

ನನಗೆ ಹದಿನಾಲ್ಕು ತುಂಬಿದ ವರ್ಷ ಅಪ್ಪ ಹೇಳಿದ,
ಸೈಕಲ್ಲು ತಳ್ಳುತ್ತಾ, ಹೆಚ್ಚೇನೂ ಅಲ್ಲ:
ಕಾಯ್ತಾನ್ ಹಡಗಿನ ಅಡುಗೆಯವ.
ಮೆಲ್ಬೋರ್ನ್ ಬಂದರಿನಲ್ಲಿ ಈರುಳ್ಳಿ ತರುತ್ತೇನೆಂದು ಇಳಿದವ
ಮತ್ತೆ ಹತ್ತಲಿಲ್ಲ. ಹಡಗು ಒಂದು ದಿನ ಕಾದಿತು.
ಆಮೇಲೊಂದು ಕಾರ್ಡು ಬಂತು,
ಮೈದಾನದ ಚಿತ್ರ, ಹಿಂದೆ ಬರೀ ಅವಳ ವಿಳಾಸ.

ಮರುದಿನ ನಾನೂ ಬಾಲು ಬಿಟ್ಟೆ. ಜನರನ್ನು ನೋಡಿದೆ.
ಆ ಟಿವಿಯಲ್ಲಿ ಜನ ಅಂದರೆ
ಚಾಪೆಯ ಮೇಲೆ ಒಣಹಾಕಿದ ಶೆಟ್ಲಿ.
ಒಂದು ಟೊಪ್ಪಿ, ಅದರ ಕೆಳಗೊಂದು ಕೆಂಪು ಕಲೆ,
ಅಷ್ಟೇ ಮನುಷ್ಯ.
ಯಾರು ಬೇಕಾದರೂ ಕಾಯ್ತಾನ್ ಆಗಬಹುದಿತ್ತು.

ಈಗ ಗೋಡೆಗೆ ಅಂಟಿದ ಟಿವಿ, ಕಂತಿನಲ್ಲಿ ನಾನೇ ಕೊಡಿಸಿದ್ದು.
ಅದರ ಮೇಲೆ ಒಂದು ಕುರಿಮರಿಗೂ ನಿಲ್ಲಲು ಜಾಗವಿಲ್ಲ,
ಗೋದಲಿ ಫ್ರಿಜ್ಜಿನ ಮೇಲೆ ಹೋಗಿದೆ.
ಮೊನ್ನೆ ಒಬ್ಬ ಹುಡುಗ ಎತ್ತಿ ಹೊಡೆದ. ಈಗ ಎಲ್ಲರೂ ಹೊಡೆಯುತ್ತಾರೆ,
ಅಪ್ಪ ಇದ್ದಿದ್ದರೆ ಪುಸ್ತಕ ಮುಚ್ಚುತ್ತಿದ್ದ.
ಕ್ಯಾಮೆರಾ ಜನರ ಮೇಲೆ ನಿಧಾನ ಹೋಯಿತು.
ಹಲ್ಲಿನ ಸಂದು, ಗಲ್ಲದ ಮಚ್ಚೆ, ಮೀಸೆಗೆ ಹತ್ತಿದ ಬಿಯರಿನ ನೊರೆ,
ಎಲ್ಲ ಸ್ಪಷ್ಟ. ಅವರಲ್ಲೊಬ್ಬನೂ
ಇನ್ಯಾರೋ ಆಗಲಾರ.

ಬಾಯಿ ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಳ್ಳಲಿಲ್ಲ.
ಹಾಗೇ ನೋಡುತ್ತ ಕೂತಳು.
'ಇನ್ನೊಂದು ಹೊಡೀಲಿ' ಅಂದಳು.

ಫ್ರಿಜ್ಜು ನಡುಗಿದಾಗೆಲ್ಲ ಮೂರನೇ ಅರಸ
ಕೂದಲೆಳೆಯಷ್ಟು ಅಂಚಿಗೆ ಸರಿಯುತ್ತಾನೆ.
ನಾನು ಎದ್ದು ಹೋಗಿ
ಅವನನ್ನು ಮತ್ತೆ ಕ್ರೀಸಿಗೆ ತಂದು ನಿಲ್ಲಿಸಿದೆ.